ಮೇಣದೊಳಗಿನ ಮಾವನಿಗೆ

ಮಾವ,

ಮೊನ್ನೆ ನಿಮ್ಮ ಕೊನೆಯ ತುಂಡನ್ನು ಕತ್ತರಿಸಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ, ನಾನೇ ಕತ್ತರಿಸಿದೆ. ಇಷ್ಟು ಓದಿ ನೀವು ಗಾಬರಿಯಾಗುವವರಲ್ಲ ಅಂತ ಗೊತ್ತು. "ಇನ್ನೂ ಉಳಿದಿತ್ತಾ?" ಎಂದು ಕಣ್ಣರಳಿಸಿ ಕೇಳುವವರು ನೀವು. ಉಳಿದಿತ್ತು ಮಾವ. ಹೊಲದ ಬದುವಿನಲ್ಲಿ ನಿಮ್ಮನ್ನು ಮಣ್ಣು ಮಾಡಿ, ಹಾಲು ತುಪ್ಪ ಬಿಟ್ಟು, ವರ್ಷ ವರ್ಷವೂ ಎಡೆ ಇಡುತ್ತಾ ಬಂದಿದ್ದೇವೆ. ಆದರೂ ನಿಮ್ಮ ಒಂದು ಚೂರು ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಮೇಣದೊಳಗೆ ಹಾಗೇ ಇತ್ತು. ಅದನ್ನು ಯಾಕೆ ಮುಗಿಸಿದೆ, ಯಾರಿಗಾಗಿ ಮುಗಿಸಿದೆ ಅನ್ನುವುದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ? ಅದೂ ಅಲ್ಲದೆ ನೀವು ನನ್ನನ್ನು ಒಂದು ಪ್ರಶ್ನೆ ಕೇಳಿ ಹೋಗಿದ್ದೀರಿ. ಅದರ ಸಮಾಚಾರವೂ ಇದೆ.

ಆಪರೇಷನ್ನಿನ ಹೊಲಿಗೆ ಬಿಚ್ಚಿದ ದಿನ ನೆನಪಿದೆಯಾ? ವಾರ್ಡಿನಲ್ಲಿ ಬೇರೆಯವರೆಲ್ಲ ಮನೆಗೆ ಯಾವಾಗ, ಮುದ್ದೆ ತಿನ್ನುವುದು ಯಾವಾಗ ಎಂದು ಕೇಳುತ್ತಿದ್ದರೆ ನೀವು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಿರಿ. "ಸರೋಜಾ, ನನ್ ಒಳಗಿಂದ ತೆಗುದ್ರಲ್ಲವ್ವ ಗೆಡ್ಡೆ, ಅದೆಲ್ಲೈತೆ?" ನಮ್ಮ ಲ್ಯಾಬಿಗೇ ಬಂದಿದೆ ಎಂದೆ. "ನಿನ್ ಕೈಗೇ ಬಂತಾ?" ಹೂಂ ಎಂದೆ. ನೀವು ಹೊಲಿಗೆಯ ಗುರುತನ್ನು ಮೆಲ್ಲಗೆ ಸವರಿಕೊಂಡಿರಿ. ಆಮೇಲೆ, "ನನ್ ಒಟ್ಟೆ, ನನ್ ಕರುಳು. ಸೊಸೆ ನೋಡ್ಬೋದು, ನಾನ್ ನೋಡಂಗಿಲ್ವಾ?" ಅಂದಿರಿ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಆಪರೇಷನ್ನಿನಲ್ಲಿ ತೆಗೆದದ್ದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುವುದು ನನ್ನ ಕೆಲಸ. ಅದನ್ನು ನಾಲ್ಕು ಜನರ ಮುಂದೆ ಹೇಳಲು ಅತ್ತೆಗೆ ಮುಜುಗರ. ನೀವು ಮಾತ್ರ ಹೆಬ್ಬಗೋಡಿಯ ಅರಳಿಕಟ್ಟೆಯ ಮೇಲೆ ಕೂತು "ನಮ್ ಸೊಸೆ ಕಾಯ್ಲೇನೇ ಕತ್ರುಸ್ತಾಳೆ" ಎಂದು ಜಂಬ ಕೊಚ್ಚುತ್ತಿದ್ದಿರಿ. ನಿಮ್ಮದೇ ಕಾಯಿಲೆ ನನ್ನ ಮೇಜಿಗೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ನಮ್ಮ ಡಾಕ್ಟರ್ ಮೇಡಂ ಒಪ್ಪಿದ್ದು ನನಗೇ ಆಶ್ಚರ್ಯ. "ಕರ್ಕೊಂಡ್ ಬನ್ನಿ ಸರೋಜಾ, ಕೇಳೋರೇ ಅಪರೂಪ" ಅಂದರು. ನೀವು ಲುಂಗಿ ಎತ್ತಿಕೊಂಡು, ಹೊಟ್ಟೆ ಒತ್ತಿ ಹಿಡಿದುಕೊಂಡು, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದಿರಿ. ಮರದ ಚಕ್ಕೆಗೆ ಕೂರಿಸಿದ ಮೇಣದ ಬಿಲ್ಲೆಯನ್ನು, ನಾವು ಬ್ಲಾಕು ಅನ್ನುತ್ತೇವಲ್ಲ, ಅದನ್ನು ಕೈಯಲ್ಲಿ ಹಿಡಿದು "ಇಷ್ಟೇನಾ?" ಎಂದು ಮುಖ ಸಣ್ಣದು ಮಾಡಿದಿರಿ. ಕುಂಬಳಕಾಯಿಯಷ್ಟು ಇರುತ್ತದೆ ಅಂತ ಅಂದುಕೊಂಡಿದ್ದಿರೇನೋ. ಆಮೇಲೆ ಮೇಡಂ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಗೆಡ್ಡೆಯ ಪಕ್ಕದ ಒಳ್ಳೆಯ ಕರುಳನ್ನು ತೋರಿಸಿದರು. "ಪಾತಿ ಮಾಡ್ದಂಗೈತಲ್ಲ ತಾಯಿ" ಅಂದಿರಿ. ನಿಜ, ಒಳ್ಳೆಯ ಕರುಳಿನಲ್ಲಿ ಜೀವಕೋಶಗಳು ಸಾಲು ಹಿಡಿದು ನಿಂತಿರುತ್ತವೆ. ಆಮೇಲೆ ಮೇಡಂ ಸ್ಲೈಡನ್ನು ಒಂದಿಷ್ಟು ಸರಿಸಿದರು. ನೀವು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇಲ್ಲಿ ಯಾರೋ ಎತ್ತು ನುಗ್ಸವ್ರೆ" ಅಂದಿರಿ. ಮೇಡಂ ಇವತ್ತಿಗೂ ಹೊಸ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಆ ಮಾತನ್ನೇ ಹೇಳುತ್ತಾರೆ.

ಪಕ್ಕದ ಮಂಚದ ಪಿಳ್ಳಪ್ಪನವರನ್ನು ನೀವು ಮೊದಲ ದಿನವೇ ಬೈದಿದ್ದಿರಿ, ಟ್ರಾನ್ಸಿಸ್ಟರ್ ಜೋರಾಗಿ ಹಾಕಿದ್ದಕ್ಕೆ. ಎರಡನೆಯ ದಿನಕ್ಕೆ ಇಬ್ಬರೂ ಒಂದೇ ಕಿತ್ತಳೆ ಹಣ್ಣನ್ನು ಹಂಚಿಕೊಂಡು ವಾರ್ತೆ ಕೇಳುತ್ತಿದ್ದಿರಿ. ಅವರು ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರು, ಹುಟ್ಟೂರು ಸರ್ಜಾಪುರ. ನಿಮ್ಮದೂ ಅವರದೂ ಒಂದೇ ಜಾಗದ ಗೆಡ್ಡೆ, ಒಂದೇ ಗಾತ್ರ, ಒಬ್ಬರೇ ಸರ್ಜನ್ನು, ಒಂದೇ ವಾರ. ಬಿಡುಗಡೆಯಾದ ಮೇಲೆ ತಪಾಸಣೆಗೂ ಒಂದೇ ದಿನ ಬರುತ್ತಿದ್ದಿರಿ. ಹೆಬ್ಬಗೋಡಿಯ ಮೊದಲ ಬಸ್ಸಿಗೆ ಬಂದು, ಹೊರರೋಗಿಗಳ ಬೆಂಚಿನ ಮೇಲೆ ನಿಮ್ಮ ಪಕ್ಕದ ಜಾಗಕ್ಕೆ ಟವೆಲು ಹಾಕಿ, "ಇದು ಪೀಣ್ಯದೋರ್ದು" ಎಂದು ಬಂದವರ ಜೊತೆಗೆಲ್ಲ ಜಗಳ ಆಡುತ್ತಿದ್ದಿರಿ. ಪಿಳ್ಳಪ್ಪನವರು ಊರಾಚೆಯಿಂದ ಎರಡು ಬಸ್ಸು ಬದಲಾಯಿಸಿ ತಡವಾಗಿ ಬಂದು, "ಸೀಟ್ ಹಿಡಿದಿದ್ಯಾ ಗುರು?" ಎಂದು ಟವೆಲು ಎತ್ತಿ ನಿಮ್ಮ ಹೆಗಲಿಗೆ ಹಾಕಿ ಕೂರುವರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಸ್ಪತ್ರೆಗೆ ಬರುವುದೆಂದರೆ ನಿಮಗಿಬ್ಬರಿಗೂ ಸಂತೆಗೆ ಬಂದಷ್ಟು ಖುಷಿ.

ಹಾಗಿದ್ದಾಗಲೇ ನಿಮ್ಮದು ತಿರುಗಿ ಬಂತು. ಕರುಳಿಗಲ್ಲ, ಪಿತ್ತಕೋಶದ ಪಕ್ಕದ ಯಕೃತ್ತಿಗೆ. ಕಣ್ಣು ಹಳದಿಯಾಗಿ, ಕಾಲು ಊದಿಕೊಂಡು, ಪಡಸಾಲೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಿರಿ. ಆ ಮಧ್ಯಾಹ್ನ ಎದುರಿನ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಷೆಡ್ಡುಗಳಿಗೆ ಕಬ್ಬಿಣ ಹೊತ್ತ ಲಾರಿಗಳು ಹೋಗುತ್ತಿದ್ದವು, ಧೂಳು ಒಳಗೆ ಬರುತ್ತಿತ್ತು. ನೀವು ಕೇಳಿದ್ದು ಒಂದೇ ಮಾತು. "ಅಲ್ಲ ಸರೋಜಾ, ಇಬ್ರುದ್ದೂ ಒಂದೇ ಗಾತ್ರ, ಒಂದೇ ಕತ್ರಿ. ಪಿಳ್ಳಪ್ಪುಂದು ಓಯ್ತು. ನಂದ್ಯಾಕೆ ತಿರ್ಗಾ ಬಂತು?" ಹೊಟ್ಟೆಕಿಚ್ಚಿನಿಂದ ಕೇಳಿದ್ದಲ್ಲ. ಅವರು ಉಳಿದದ್ದಕ್ಕೆ ನಿಮಗೆ ಸಂತೋಷವೇ ಇತ್ತು. ಒಂದೇ ಬೀಜ, ಒಂದೇ ಮಣ್ಣು, ಒಂದು ಸಾಲು ಬಂತು, ಇನ್ನೊಂದು ಸಾಲು ಯಾಕೆ ಹೀಗಾಯಿತು ಎಂದು ಕೇಳುತ್ತೀರಲ್ಲ, ಹಾಗೆ ಕೇಳಿದಿರಿ. ಗೊತ್ತಿಲ್ಲ ಮಾವ ಎಂದೆ. "ತಿಳ್ಕೊಂಡು ಏಳು" ಅಂದಿರಿ, ನಾನು ನಾಳೆಯೇ ಹೇಳಿಬಿಡುತ್ತೇನೆ ಅನ್ನುವ ಹಾಗೆ. ಅದಾದ ಮೇಲೆ ನೀವು ಹೆಚ್ಚು ದಿನ...

ಎಂಟು ವರ್ಷವಾಯಿತು ಮಾವ. ನೀವು ಹೋದ ಎಷ್ಟೋ ಕಾಲದ ಮೇಲೆ ಮೇಡಂ ಹೊರದೇಶದಲ್ಲಿ ತರಬೇತಿ ಮುಗಿಸಿ ಬಂದರು. ಬರುವಾಗ ಐಸಿನ ಡಬ್ಬಿಯಲ್ಲಿ ಬೆರಳು ಗಾತ್ರದ ಸೀಸೆಗಳನ್ನು ತಂದರು. ನಮ್ಮ ಮಾಮೂಲಿ ಬಣ್ಣ ಜೀವಕೋಶದ ಆಕಾರ ತೋರಿಸುತ್ತದೆಯೇ ಹೊರತು ಒಳಗೆ ಏನು ತಯಾರಾಗುತ್ತಿದೆ ಎಂದು ಹೇಳುವುದಿಲ್ಲ. ಈ ಹೊಸ ವಿಧಾನ ಅದನ್ನು ಹೇಳುತ್ತದೆ. ಕರುಳಿನ ಕ್ಯಾನ್ಸರು ಒಂದು ಬಗೆಯ ಪ್ರೋಟೀನನ್ನು ತಯಾರಿಸುತ್ತದಂತೆ, ಅದರ ಹೆಸರು ಸಿಇಎ. ಇದರಲ್ಲಿ ನನಗೆ ಬಹಳ ಸೋಜಿಗವೆನಿಸಿದ್ದು ಯಾವುದು ಗೊತ್ತಾ? ತಾಯಿಯ ಗರ್ಭದಲ್ಲಿರುವ ಕೂಸಿನ ಕರುಳಿನಲ್ಲಿ ಅದೇ ಪ್ರೋಟೀನು ಧಾರಾಳವಾಗಿ ಇರುತ್ತದೆ. ಹುಟ್ಟಿದ ಮೇಲೆ ಬಹಳ ಮಟ್ಟಿಗೆ ನಿಂತುಹೋಗುತ್ತದೆ. ಅರವತ್ತು ದಾಟಿದ ಮನುಷ್ಯನ ಗೆಡ್ಡೆ, ಎಂದೋ ಮರೆತ ಆ ಕೆಲಸವನ್ನು ಮತ್ತೆ ಶುರುಮಾಡುತ್ತದೆ. ಯಾಕೆ? ಅದಕ್ಕೆ ನೆನಪು ಬರುವುದು ಹೇಗೆ? ನಾನು ಕೇಳಿದರೆ ಮೇಡಂ ನಕ್ಕು, "ನಿಮ್ಮ ಮಾವನ ಥರಾನೇ ಕೇಳ್ತೀರ" ಅಂದರು.

ಆ ಪ್ರೋಟೀನನ್ನು ಹುಡುಕುವ ಪತ್ತೇದಾರ ಯಾರು ಅಂತ ಕೇಳಿದರೆ ನೀವು ನಂಬುವುದಿಲ್ಲ. ಮೊಲ! ಮೊಲದ ಮೈಗೆ ಆ ಪ್ರೋಟೀನನ್ನು ಚುಚ್ಚುತ್ತಾರೆ, ಮೊಲದ ರಕ್ತ ಅದರ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ. ಆ ಆಂಟಿಬಾಡಿ ಸ್ಲೈಡಿನ ಮೇಲೆ ಆ ಪ್ರೋಟೀನು ಇರುವಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ. ಆದರೆ ಅಂಟಿಕೊಂಡದ್ದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಒಂದು ಕಿಣ್ವವನ್ನು ಕಟ್ಟಿ ಕಳಿಸುತ್ತಾರೆ. ಪೆರಾಕ್ಸೈಡನ್ನೂ ಒಂದು ಬಣ್ಣದ ಪುಡಿಯನ್ನೂ ಸುರಿದರೆ ಆ ಕಿಣ್ವ ಇರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಉಳಿದದ್ದೆಲ್ಲ ಕೊನೆಗೆ ಹಾಕುವ ಬಣ್ಣದಿಂದ ನೀಲಿ. ಆ ಕಿಣ್ವ ಎಲ್ಲಿಂದ ಬಂತು? ಪರದೇಶದ ಒಂದು ಬಗೆಯ ಖಾರದ ಗೆಡ್ಡೆಯಿಂದ. ನಮ್ಮ ಮೂಲಂಗಿಯ ನೆಂಟ ಅದು! ಜೀವಮಾನವೆಲ್ಲ ಮೂಲಂಗಿ ಬೆಳೆದು ಗಾಡಿ ತುಂಬ ಮಾರುಕಟ್ಟೆಗೆ ಹೊಡೆದವರು ನೀವು. ಬೇಲಿ ನುಗ್ಗಿ ಮೂಲಂಗಿ ತಿನ್ನುವ ಮೊಲಗಳನ್ನು ಬೈದುಕೊಂಡು ಓಡಿಸಿದವರೂ ನೀವೇ. ಆ ಎರಡೂ ಒಂದಾಗಿ ನಿಮ್ಮ ಕಾಯಿಲೆಯನ್ನು ಹುಡುಕುತ್ತವೆ ಎಂದು ಮೇಡಂ ವಿವರಿಸಿದಾಗ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನೀವಿದ್ದಿದ್ದರೆ ಅರಳಿಕಟ್ಟೆಯಲ್ಲಿ ಒಂದು ವಾರ ಇದೇ ಮಾತು.

ಮೊದಲ ಸಲ ಪ್ರಯೋಗ ಮಾಡಲು ಮೇಡಂ ಹಳೆಯ ಬ್ಲಾಕುಗಳನ್ನು ತೆಗೆಸಿದರು. ಕೆಲವು ಅರೆಬರೆ ಕಂದಾದವು, ಕೆಲವು ಮಂಕು. ನಿಮ್ಮದು ಮಾತ್ರ ಗೋಡೆಗೆ ಕೆಮ್ಮಣ್ಣು ಸಾರಿಸಿದ ಹಾಗೆ ಎದ್ದು ಬಂತು. ಇಂಥದ್ದೊಂದು ಬ್ಲಾಕು ಈ ಕೆಲಸಕ್ಕೆ ಬೇಕೇ ಬೇಕು ಮಾವ. ಪ್ರತಿ ಸಲ ಹೊಸ ರೋಗಿಯ ತುಂಡಿನ ಪಕ್ಕದಲ್ಲಿ, ಅದೇ ಗಾಜಿನ ಮೇಲೆ, ಖಂಡಿತ ಕಂದು ಬಣ್ಣ ಬರುತ್ತದೆ ಎಂದು ಗೊತ್ತಿರುವ ಇನ್ನೊಂದು ತುಂಡನ್ನು ಇಡಬೇಕು. ಅದು ಸಾಕ್ಷಿ. ಸಾಕ್ಷಿ ಕಂದಾಗಿ, ರೋಗಿಯದು ನೀಲಿಯಾಗಿ ಉಳಿದರೆ ಆಗ ನಿಜವಾಗಿ ಅಲ್ಲಿ ಆ ಪ್ರೋಟೀನಿಲ್ಲ. ಸಾಕ್ಷಿಯೇ ನೀಲಿಯಾದರೆ ನಾವು ಎಲ್ಲೋ ಎಡವಿದ್ದೇವೆ. "ನಿಮ್ಮ ಮಾವನವರದ್ದನ್ನೇ ಇಟ್ಕೊಳ್ಳೋಣ್ವಾ? ಮನೇಲಿ ಕೇಳಿ" ಅಂದರು ಮೇಡಂ. ಅತ್ತೆಯನ್ನು ಕೇಳಿದೆ. ರಾಗಿ ಕೇರುತ್ತಿದ್ದವರು ಮೊರ ಕೆಳಗಿಡಲೂ ಇಲ್ಲ. "ಬದ್ಕಿದ್ದಾಗ ಯಾರ್ ಕರುದ್ರೂ ಸಾಕ್ಷಿ ಏಳಕ್ಕೆ ಓಯ್ತಿದ್ರು. ಈಗ ಬ್ಯಾಡ ಅಂದ್ರೆ ಕೇಳ್ತಾರಾ?" ಅಂದರು. ನಿಮ್ಮ ಹೆಸರು ಹಿಡಿದು ಕರೆಯುವ ಸೊಸೆ ನಾನಲ್ಲ. ಲ್ಯಾಬಿನಲ್ಲೂ "ಮಾವನ್ನ ತೆಗೀರಿ, ಮಾವನ್ನ ಇಡ್ರಿ" ಅನ್ನುತ್ತಿದ್ದೆ. ನೋಡ ನೋಡುತ್ತಾ ಎಲ್ಲರಿಗೂ ನೀವು ಮಾವನಾದಿರಿ, ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿಯರಿಗೂ, ಮೇಡಮ್ಮಿಗೂ.

ಒಂದು ಆಯುಧಪೂಜೆಯ ಕಥೆ ಹೇಳಲೇಬೇಕು. ನಮ್ಮಲ್ಲೂ ಹಬ್ಬಕ್ಕೆ ಮೇಣ ಕತ್ತರಿಸುವ ಯಂತ್ರವನ್ನು ಒರೆಸಿ, ಅದರ ಚಕ್ರಕ್ಕೆ ಸೇವಂತಿಗೆ ಸುತ್ತಿ, ಕತ್ತಿಯ ಹಿಡಿಗೆ ಕುಂಕುಮ ಇಟ್ಟು, ಪುರಿ ಕಡಲೆ ಹಂಚುತ್ತೇವೆ. ಆ ವರ್ಷ ನಮ್ಮ ಆಯಾ ಎಲ್ಲಮ್ಮನಿಗೆ ಉತ್ಸಾಹ ಜಾಸ್ತಿಯಾಗಿ, ಸಿಂಕಿನ ಕಲೆಯನ್ನೂ ಮೇಜಿನ ಕಲೆಯನ್ನೂ ಪೆರಾಕ್ಸೈಡು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದಾಳೆ. ಹಬ್ಬದ ದಿನ ಯಾವ ಸೀಸೆಯೂ ಅರ್ಧ ಕಾಣಬಾರದು, ಅದು ಅವಳ ನೇಮ. ಬರಿದಾದ ಸೀಸೆಗೆ ನೀರು ತುಂಬಿ, ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ ಇಟ್ಟುಬಿಟ್ಟಳು. ಹಬ್ಬ ಕಳೆದ ಮೇಲೆ ನಾವು ಬಣ್ಣ ಹಾಕಿದರೆ ಎಲ್ಲ ಸ್ಲೈಡುಗಳೂ ನೀಲಿ. ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗ ಸಂತೋಷದಿಂದ ಎಲ್ಲರಿಗೂ "ಇಲ್ಲ, ಇಲ್ಲ" ಎಂದು ಬರೆಯುತ್ತಾ ಹೋದ. ನಾನು ಸಾಕ್ಷಿಯ ಕಡೆಗೆ ನೋಡಿದೆ. ನೀವೂ ನೀಲಿ! "ಮೇಡಂ, ಮಾವ ಬಂದಿಲ್ಲ" ಅಂದೆ. ಮೇಡಂ ಓಡಿ ಬಂದು ನೋಡಿ, "ಎಲ್ಲಾ ರಿಪೋರ್ಟೂ ನಿಲ್ಸಿ" ಅಂದರು.

ತಪ್ಪು ಎಲ್ಲಿ ಅಂತ ಹುಡುಕಿದ್ದೇ ಹುಡುಕಿದ್ದು. ಮೊಲದ ಸೀಸೆ ಸರಿಯಿದೆ, ಬಣ್ಣದ ಪುಡಿ ಸರಿಯಿದೆ. ಉಳಿದದ್ದು ಪೆರಾಕ್ಸೈಡು ಎಂದು ಮೇಡಂ ಹೇಳಿದರು. ಆದರೆ ಅದನ್ನು ಪರೀಕ್ಷಿಸಲು ನಿಮ್ಮ ಬ್ಲಾಕನ್ನು ಮತ್ತೆ ಸವೆಸಬೇಕಾ? ನನಗೆ ಮನಸ್ಸಾಗಲಿಲ್ಲ. ಆಗ ನನಗೆ ಹೊಳೆದದ್ದು ನನ್ನ ಊಟದ ಡಬ್ಬಿ ಮಾವ. ಅತ್ತೆ ಅವತ್ತು ಮೊಸರನ್ನದ ಜೊತೆ ಹಸಿ ಮೂಲಂಗಿ ಹೆಚ್ಚಿ ಇಟ್ಟಿದ್ದರು, ನಮ್ಮ ಹೊಲದ್ದೇ. ನೆಂಟನಲ್ಲಿ ಇರುವ ಕಿಣ್ವ ಇದರಲ್ಲೂ ಇರಬೇಕಲ್ಲ? ಎರಡು ಬಿಲ್ಲೆಗಳ ಮೇಲೆ ಬಣ್ಣದ ಪುಡಿಯ ನೀರು ಬಿಟ್ಟು, ಒಂದಕ್ಕೆ ಹಬ್ಬದ ಸೀಸೆಯ ಪೆರಾಕ್ಸೈಡು, ಇನ್ನೊಂದಕ್ಕೆ ಔಷಧಿ ಅಂಗಡಿಯಿಂದ ತರಿಸಿದ ಹೊಸದು ಹಾಕಿದೆ. ಹೊಸದು ಬಿದ್ದ ಬಿಲ್ಲೆ ನೋಡ ನೋಡುತ್ತಿದ್ದಂತೆ ಕಂದಾಯಿತು. ಇನ್ನೊಂದು ಬೆಳ್ಳಗೆ ಹಾಗೇ ಕೂತಿತ್ತು. ಮೇಡಂ ಆ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಎಲ್ಲಮ್ಮ ಮಾತ್ರ, "ನೀರ್ ಆಕುದ್ರೆ ಎಚ್ಚೇ ಆಗ್ತದಲ್ವಾ, ಕೆಡಾದೆಂಗೆ?" ಎಂದು ಕೊನೆಯವರೆಗೂ ವಾದ ಮಾಡಿದಳು. ಆ ಬಣ್ಣದ ಪುಡಿ ವಿಷ, ಆದ್ದರಿಂದ ಆ ಮೂಲಂಗಿಯನ್ನು ಗುಂಡಿ ತೋಡಿ ಹೂಳಿದೆವು. ಡಬ್ಬಿಯಲ್ಲಿ ಉಳಿದದ್ದನ್ನು ನಾನು ತಿಂದೆ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮದನ್ನೂ ಪಿಳ್ಳಪ್ಪನವರ ಹಳೆಯ ಗೆಡ್ಡೆಯನ್ನೂ ಒಂದೇ ಗಾಜಿನ ಮೇಲಿಟ್ಟು ಒಂದು ದಿನ ಬಣ್ಣ ಹಾಕಿದೆ. ಇಬ್ಬರದೂ ಕಂದಾಯಿತು. ಆದರೆ ಒಂದೇ ಥರ ಅಲ್ಲ ಮಾವ! ಅವರದರಲ್ಲಿ ಜೀವಕೋಶಗಳು ಇನ್ನೂ ಸಾಲು ಬಿಟ್ಟಿರಲಿಲ್ಲ. ಕಂದು ಬಣ್ಣ ಸಾಲಿನ ಒಳ ಅಂಚಿಗೆ ಮಾತ್ರ, ಪೆನ್ನಿನಲ್ಲಿ ಗೀಚಿದ ಗೆರೆ. ನಿಮ್ಮದರಲ್ಲಿ ಅಂಚೂ ಇಲ್ಲ, ಸಾಲೂ ಇಲ್ಲ. ಜೀವಕೋಶದ ಒಳಗೆಲ್ಲ ಕಂದು ತುಂಬಿಕೊಂಡಿತ್ತು. ಕೆಲವಂತೂ ಗುಂಪು ಬಿಟ್ಟು ಒಂಟಿಯಾಗಿ ದೂರ ಹೊರಟಿದ್ದವು. "ಇದೇನಾ ಮೇಡಂ? ಇದಕ್ಕೇನಾ ತಿರುಗಿ ಬಂದದ್ದು?" ಎಂದು ಕೇಳಿದೆ. ಮೇಡಂ ಬಹಳ ಹೊತ್ತು ನೋಡಿದರು. "ಇರಬಹುದು. ಇಬ್ಬರನ್ನ ನೋಡಿ ಹೇಳಿದ್ರೆ ಅದು ಕಥೆ ಆಗತ್ತೆ ಸರೋಜಾ, ತಿಳಿವಳಿಕೆ ಆಗಲ್ಲ. ನೂರಾರು ಜನರದ್ದು ನೋಡ್ಬೇಕು" ಅಂದರು. ನನಗೆ ನಿರಾಸೆಯಾಯಿತು. ಆದರೂ ಆ ಸ್ಲೈಡನ್ನು ನೋಡಿ ನೋಡಿ ಸಾಕಾಗಲಿಲ್ಲ. ನೀವು ಕೇಳಿದ್ದರ ಬಾಗಿಲು ಅಲ್ಲೇ ಎಲ್ಲೋ ಇದೆ ಅನ್ನಿಸುತ್ತಿತ್ತು. ಪಿಳ್ಳಪ್ಪನವರ ಬ್ಲಾಕು ಮೊದಲೇ ಚಿಕ್ಕದು, ಅದು ಆ ಸುತ್ತಿಗೇ ಮುಗಿಯಿತು.

ನಿಮ್ಮದೂ ಸವೆಯುತ್ತಾ ಬಂದಿತ್ತು. ಮರದ ಚಕ್ಕೆ ಕಾಣುವಷ್ಟು ತೆಳ್ಳಗಾದಾಗ ಮೇಡಂ, "ಇನ್ನು ಮಾವನ್ನ ಮುಟ್ಬೇಡಿ" ಎಂದರು. ಬರುವ ವರ್ಷ ಬೇರೆ ಒಂದು ಪ್ರೋಟೀನನ್ನು ಹುಡುಕುವ ಹೊಸ ಸೀಸೆ ಬರುವುದಿದೆ. ಗೆಡ್ಡೆ ಊರು ಬಿಟ್ಟು ಊರಿಗೆ ಹೋಗುವುದು ಹೇಗೆ ಎಂದು ಅದು ತಿಳಿಸಬಹುದಂತೆ. ನಿಮ್ಮ ಕೊನೆಯ ತುಂಡು ಅದಕ್ಕೆ ಮೀಸಲು. ಸಾಕ್ಷಿಗೆ ಚಂದಾಪುರದ ಒಬ್ಬ ಹೆಂಗಸಿನ ಬ್ಲಾಕನ್ನು ಆರಿಸಿ, ಅವರ ಮನೆಯವರನ್ನು ಕೇಳಿ ಇಟ್ಟುಕೊಂಡಿದ್ದೆವು. ಆದರೆ ಹೊಸ ಸಾಕ್ಷಿಯನ್ನು ಹಳೆಯ ಸಾಕ್ಷಿಯ ಪಕ್ಕದಲ್ಲಿ ನಿಲ್ಲಿಸಿ ನೋಡುವವರೆಗೆ ನಂಬುವ ಹಾಗಿಲ್ಲ. ಅದನ್ನು ಯಾವಾಗ ಮಾಡುವುದು, ನಿಮ್ಮದರಲ್ಲಿ ಎಷ್ಟು ಖರ್ಚು ಮಾಡುವುದು ಎಂದು ಹಿಂದೆ ಮುಂದೆ ನೋಡುತ್ತಲೇ ಇದ್ದೆವು.

ಅಂಥ ಹೊತ್ತಿಗೆ ಹೋದ ತಿಂಗಳು ಪಿಳ್ಳಪ್ಪನವರು ಬಂದರು. ಅದೇ ಬೆಂಚಿನ ಮೇಲೆ ಕೂತಿದ್ದರು, ಪಕ್ಕದ ಜಾಗ ಖಾಲಿ. ನನ್ನನ್ನು ನೋಡಿ ಕತ್ತು ತೋರಿಸಿದರು. ನಿಂಬೆ ಗಾತ್ರದ ಗಂಟು. "ಬಂತು ಅನ್ಸತ್ತೆ ಸರೋಜಮ್ಮ. ನಿಮ್ಮ ಮಾವ ಮುಂದೆ ಹೋದ, ನಾನು ಹಿಂದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸರ್ಜನ್ನು ಗಂಟಿನ ಚೂರು ತೆಗೆದು ನಮಗೆ ಕಳಿಸಿದರು. ಮಾಮೂಲಿ ಬಣ್ಣದಲ್ಲಿ ದುಂಡು ದುಂಡು ಜೀವಕೋಶಗಳು ನಜ್ಜುಗುಜ್ಜಾಗಿದ್ದವು, ಯಾವ ಮನೆಯವು ಎಂದು ಗುರುತು ಹತ್ತಲಿಲ್ಲ. ಕರುಳಿನದೇ ಕತ್ತಿಗೆ ಬಂದಿದ್ದರೆ ಮಾಡುವುದು ಏನೂ ಉಳಿದಿಲ್ಲ. ಕತ್ತಿನ ಗ್ರಂಥಿಯದೇ ಹೊಸ ರೋಗವಾಗಿದ್ದರೆ ಅದೂ ಕ್ಯಾನ್ಸರೇ, ಆದರೆ ಅದಕ್ಕೆ ಇಂಜೆಕ್ಷನ್ನುಗಳಿವೆ, ವಾಸಿಯಾದವರಿದ್ದಾರೆ. ಅವರ ಹಳೆಯ ಗೆಡ್ಡೆಯಲ್ಲಿ ಕಂದು ಗೆರೆ ಚೆನ್ನಾಗಿಯೇ ಇತ್ತು. ಆದ್ದರಿಂದ ಇದು ಅದೇ ಆಗಿದ್ದರೆ ಕಂದಾಗಬೇಕು. ನೀಲಿಯಾಗಿ ಉಳಿದರೆ? ಆ ನೀಲಿಯನ್ನು ನಂಬಲು ಪಕ್ಕದಲ್ಲಿ ನೀವಿರಬೇಕು.

ಮೇಡಂ ನಿಮ್ಮ ಬ್ಲಾಕನ್ನು ನನ್ನ ಮುಂದಿಟ್ಟರು. "ಇದು ನಿಮ್ಮ ಮಾವನ ಪ್ರಶ್ನೆಗೆ ಅಂತ ಇಟ್ಟಿದ್ದು. ನೀವೇ ಹೇಳಿ" ಅಂದರು. ನನಗೆ ಇಷ್ಟವಿರಲಿಲ್ಲ ಮಾವ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಂದು ವರ್ಷ ಕಾದರೆ ನಿಮಗೆ ಉತ್ತರ ಹೇಳಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಮುಗಿದರೆ ನೀವು ಮುಗಿದ ಹಾಗೆ ಅನ್ನಿಸಿತು. ಬೆಳಗ್ಗೆ ಕಪಾಟು ತೆರೆದಾಗ ನೀವು ಅಲ್ಲಿದ್ದೀರಿ ಎಂಬ ಧೈರ್ಯ ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಅವತ್ತೇ ತಿಳಿದದ್ದು. ಮನೆಗೆ ಹೋಗಿ ಅತ್ತೆಯ ಮುಂದೆ ಹೇಳಿಕೊಂಡೆ. "ಯಾರ್ಗೆ? ಪಿಳ್ಳಪ್ಪುಂಗಾ?" ಎಂದು ಕೇಳಿದರು. ಹೂಂ ಎಂದೆ. "ಮತ್ತೆ ನನ್ನ ಕೇಳಾಕೆ ಬಂದಿದ್ದೀಯಲ್ಲ, ಅವ್ರಿದ್ದಿದ್ರೆ ನಿನ್ ಕೈಯಾಗಿಂದ ಕಿತ್ಕೊಂಡು ತಾವೇ ಓಗಿ ಕೊಟ್ಬುಡೋರು" ಅಂದರು. ಅಷ್ಟೇ. ಅತ್ತೆ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದ ಹಾಗೆ ಇದ್ದೆ.

ಮೊನ್ನೆ ಬೆಳಗ್ಗೆ ಬ್ಲಾಕಿನ ಮೇಲೆ ಐಸು ಇಟ್ಟು ತಣ್ಣಗೆ ಮಾಡಿ, ಕತ್ತಿಯನ್ನು ಹೊಸದಾಗಿ ಮಸೆದು, ಚಕ್ರ ತಿರುಗಿಸಿದೆ. ನೀವು ಪಟ್ಟಿಯ ಹಾಗೆ ಸುರುಳಿ ಬಿಚ್ಚಿಕೊಂಡು ಬಂದಿರಿ. ಬಿಸಿನೀರಿನ ಮೇಲೆ ತೇಲಿಸಿ, ಒಂದೇ ಗಾಜಿನ ಮೇಲೆ ನಿಮ್ಮನ್ನು, ಚಂದಾಪುರದ ಆ ತಾಯಿಯನ್ನು, ಪಿಳ್ಳಪ್ಪನವರನ್ನು ಸಾಲಾಗಿ ಕೂರಿಸಿದೆ. ಚಕ್ಕೆಯ ಮೇಲೆ ಮೇಣದ ಕಲೆ ಮಾತ್ರ ಉಳಿಯಿತು. ಮೊಲದ ನೀರು, ಮೂಲಂಗಿಯ ನೆಂಟ, ಆಮೇಲೆ ಬಣ್ಣ. ಮೊದಲು ಬಂದವರು ನೀವೇ. ಬರಿಗಣ್ಣಿಗೇ ಕಾಣುವಷ್ಟು ಕಂದಾದಿರಿ. ಚಂದಾಪುರದ ತಾಯಿಯೂ ನಿಮ್ಮಷ್ಟೇ ಚೆನ್ನಾಗಿ ಬಂದರು, ಇನ್ನು ಸಾಕ್ಷಿಗೆ ಕೊರತೆಯಿಲ್ಲ. ಪಿಳ್ಳಪ್ಪನವರದು? ಅಂಚಿನಿಂದ ಅಂಚಿಗೆ ನೀಲಿ. ಒಂದೇ ಒಂದು ಕಂದು ಚುಕ್ಕೆ ಇಲ್ಲ. ಮೇಡಂ ನೋಡಿದರು, ಮತ್ತೆ ನೋಡಿದರು. ಇದೊಂದರಿಂದಲೇ ತೀರ್ಮಾನ ಬೇಡ ಎಂದು ಊರಿನ ದೊಡ್ಡ ಆಸ್ಪತ್ರೆಗೂ ಸ್ಲೈಡು ಕಳಿಸಿದರು. ಅವರೂ ಇವತ್ತು ಅದನ್ನೇ ಹೇಳಿದರು. ಗ್ರಂಥಿಯದೇ ಹೊಸ ರೋಗ, ಸೋಮವಾರದಿಂದ ಇಂಜೆಕ್ಷನ್ನು. ಅವರಿಗೆ ಬಂದ ಆ "ಇಲ್ಲ" ನಿಜವಾದದ್ದು ನೀವು ಪಕ್ಕದಲ್ಲಿ ಕೂತು "ಇದ್ದೇನೆ" ಎಂದದ್ದರಿಂದ.

ಹಾಗಾದರೆ ನಿಮ್ಮ ಪ್ರಶ್ನೆ? ಅದು ಇನ್ನೂ ಹಾಗೇ ಇದೆ ಮಾವ. ಆದರೆ ಬ್ಲಾಕು ಮುಗಿದರೂ ಬಣ್ಣ ಹಾಕಿದ ನಿಮ್ಮ ಸ್ಲೈಡುಗಳಿವೆ. ಮೇಡಂ ಹಳೆಯ ಬ್ಲಾಕುಗಳನ್ನೆಲ್ಲ ತೆಗೆದು, ಅಂಚಿಗೆ ಗೆರೆ ಇರುವವರು ಯಾರು, ಒಳಗೆಲ್ಲ ತುಂಬಿಕೊಂಡವರು ಯಾರು, ಅವರಲ್ಲಿ ಯಾರು ಉಳಿದರು ಎಂದು ನೋಡಲು ಶುರುಮಾಡಿದ್ದಾರೆ. ಕತ್ತರಿಸುವವಳು ನಾನೇ. ನೀವು ಕೇಳಿದ್ದನ್ನು ನಿಮ್ಮೊಬ್ಬರಿಂದ ತಿಳಿಯಲಾಗಲಿಲ್ಲ, ಎಲ್ಲರನ್ನೂ ಕೇಳಿ ತಿಳಿದುಕೊಂಡು ಹೇಳುತ್ತೇನೆ.

ಇವತ್ತು ಮಧ್ಯಾಹ್ನ ಪಿಳ್ಳಪ್ಪನವರು ಲ್ಯಾಬಿನ ಬಾಗಿಲಿಗೇ ಬಂದರು. ನಿಮ್ಮಿಂದ ಅಂಟಿದ ಚಾಳಿ ಇರಬೇಕು, "ನಂದು ನಾನು ನೋಡ್ಬೇಕಲ್ಲ" ಅಂದರು. ಸಾಕ್ಷಿಯ ವಿಷಯ ಹೇಳಿದೆ. "ಗೊತ್ತಾಯ್ತು ಬಿಡಮ್ಮ, ನಮ್ ಫ್ಯಾಕ್ಟ್ರೀಲೂ ಒಂದು ಮಾಸ್ಟರ್ ಪೀಸ್ ಇರ್ತದೆ. ಅಳತೆ ಸರಿ ಐತಾ ಅಂತ ಮೊದ್ಲು ಅದ್ನ ನೋಡ್ತೀವಿ" ಅಂದರು. ಆ ಮಾಸ್ಟರ್ ಪೀಸ್ ಯಾರು ಎಂದು ಹೇಳಿದೆ. ಅವರು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ತಮ್ಮ ನೀಲಿಯನ್ನು ನೋಡಿದರು. ಸ್ಲೈಡನ್ನು ನಾನೇ ಮೆಲ್ಲಗೆ ನಿಮ್ಮ ಕಡೆಗೆ ಸರಿಸಿದೆ. ಬಗ್ಗಿದವರು ಬಗ್ಗಿಕೊಂಡೇ ಇದ್ದರು. "ಇಲ್ಲೂ ಪಕ್ಕದಲ್ಲೇ ಇದ್ದೀಯಲ್ಲೋ ಗುರು..." ಅಂದರು. ಆಮೇಲೆ ತಲೆ ಎತ್ತಿ ಕಣ್ಣೊರೆಸಿಕೊಂಡು, ನಿಮಗೊಂದು ಮಾತು ಹೇಳಿ ಕಳಿಸಿದ್ದಾರೆ.

"ನಿಮ್ಮ ಮಾವ ಅಲ್ಲೂ ಟವೆಲ್ ಹಾಕ್ಕೊಂಡು ಜಗಳ ಆಡ್ತಾ ಕೂತಿರ್ತಾನೆ ಕಣಮ್ಮ. ಎತ್ಕೊಂಡ್ಬಿಡು ಅಂತ ಹೇಳು. ನಾನು ಬರೋದು ಲೇಟಾಗ್ತದೆ."

ನಿಮ್ಮ ಸೊಸೆ,
ಸರೋಜ